ತೂಕ ಇಳಿಸುವ ಮಾತ್ರೆ: ಕೊಳ್ಳುವ ಮೊದಲಿನಿಂದ ನಿಲ್ಲಿಸುವ ದಿನದ ತನಕ, ಕಾಸರಗೋಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಮೆಡಿಕಲ್‌ಗೆ ತೂಕ ಇಳಿಸುವ ಮಾತ್ರೆ ಕೇಳಿಕೊಂಡು ಬರುವವರು ದನಿ ತಗ್ಗಿಸಿ ಕೇಳುತ್ತಾರೆ. ಪಕ್ಕದಲ್ಲಿ ಬೇರೆಯವರು ನಿಂತಿದ್ದರೆ ಮೊದಲು ಒಂದು ಪ್ಯಾರಾಸಿಟಮಾಲ್ ತೆಗೆದುಕೊಳ್ಳುತ್ತಾರೆ. ಅವರು ಹೋಗುವ ತನಕ ಕಾಯುತ್ತಾರೆ. ಆಮೇಲೆ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿ, "ಇದು ಉಂಟಾ?" ಎನ್ನುತ್ತಾರೆ. ಉಂಟು ಎಂದರೆ ದುಡ್ಡು ಕೊಟ್ಟು, ಬ್ಯಾಗಿಗೆ ಹಾಕಿಕೊಂಡು ಹೊರಟೇ ಬಿಡುತ್ತಾರೆ. ಹೇಗೆ ತೆಗೆದುಕೊಳ್ಳಬೇಕು, ಥೈರಾಯ್ಡ್ ಮಾತ್ರೆ ಜೊತೆ ಆಗುತ್ತದಾ, ಎಷ್ಟು ದಿನ ಅಂತ ಒಂದು ಮಾತೂ ಕೇಳುವುದಿಲ್ಲ. ನಾಚಿಕೆ.

ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಕಾಸರಗೋಡು ಜಿಲ್ಲೆಯ ಒಂದು ಸಣ್ಣ ಪೇಟೆಯಲ್ಲಿ ಹದಿನಾರು ವರ್ಷದಿಂದ ಕೌಂಟರಿನ ಹಿಂದೆ ನಿಂತಿದ್ದೇನೆ. ಕೇಳದೆ ಹೋದವರ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು. ಒಳಗೆ ಏನಿದೆ ಎಂದು ಹೆಸರು ಹೇಳಲಾಗದ ಮಾತ್ರೆ ನುಂಗಬೇಡಿ. ನಿಲ್ಲಿಸುವ ತಾರೀಕು ಬರೆದಿಡದೆ ಶುರು ಮಾಡಲೂ ಬೇಡಿ.

ಮೊದಲು ಟೇಪು, ಆಮೇಲೆ ಮಾತ್ರೆ

ಬೆಳಿಗ್ಗೆ ಎದ್ದು, ಏನೂ ತಿನ್ನುವ ಮೊದಲು ತೂಕ ನೋಡಿ. ಎತ್ತರವನ್ನು ಮೀಟರಿನಲ್ಲಿ ಬರೆಯಿರಿ. ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. 74 ಕಿಲೋ ತೂಕ, 1.58 ಮೀಟರ್ ಎತ್ತರ ಇರುವವರಿಗೆ ಅದು 29.6. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಪರದೇಶದ ಲೆಕ್ಕಕ್ಕಿಂತ ಇದು ಕಡಿಮೆ. ಯಾಕೆಂದರೆ ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ.

ಸೊಂಟದ ಅಳತೆಯನ್ನೂ ತೆಗೆಯಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಸುತ್ತಿ, ಉಸಿರು ಹೊರಗೆ ಬಿಟ್ಟು ನೋಡಬೇಕು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು.

ವೈದ್ಯರು ಸಾಮಾನ್ಯವಾಗಿ ಮಾತ್ರೆಯ ಯೋಚನೆ ಮಾಡುವುದು ಬಿಎಂಐ 27 ದಾಟಿದಾಗ. ಇಲ್ಲವೇ 25 ದಾಟಿದ್ದು, ಜೊತೆಗೆ ಸಕ್ಕರೆ, ಬಿಪಿ ಇದ್ದಾಗ. ಮದುವೆಗೆ ಮೊದಲು ಮೂರು ಕಿಲೋ ಇಳಿಯಬೇಕು ಎಂದು ಬರುವ ಹುಡುಗಿಯರಿಗೆ ನಾನು ಮಾತ್ರೆ ಕೊಡುವುದಿಲ್ಲ. ಕೆಲವರು ಬೇಜಾರು ಮಾಡಿಕೊಂಡು ಹೋಗುತ್ತಾರೆ. ಪರವಾಗಿಲ್ಲ.

ಇನ್ನೊಂದು ಕೆಲಸ, ಕಾರಣ ಹುಡುಕುವುದು. ಆರು ತಿಂಗಳಲ್ಲಿ ಸುಮ್ನೆ ತೂಕ ಏರಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮುಟ್ಟು ಏರುಪೇರಾಗಿದ್ದರೆ ಪಿಸಿಓಡಿ ಎಂಬ ಅಂಡಾಶಯದ ತೊಂದರೆ ಇರಬಹುದು. ಸ್ಟೀರಾಯ್ಡ್, ಇನ್ಸುಲಿನ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಂದಲೂ ತೂಕ ಏರುತ್ತದೆ. ಗಂಟುನೋವಿಗೆ ಯಾರೋ ಕೊಟ್ಟ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಆ ಪುಡಿಯಿಂದ ಮುಖ ಊದಿಕೊಂಡವರಿಗೆ ತೂಕ ಇಳಿಸುವ ಮಾತ್ರೆ ಮದ್ದಾಗುವುದಿಲ್ಲ. ಆದರೆ ಆ ಪುಡಿಯನ್ನು ಒಮ್ಮೆಲೇ ಬಿಡುವುದೂ ಅಪಾಯ. ಡಾಕ್ಟರಿಗೆ ತೋರಿಸಿಯೇ ಬಿಡಬೇಕು.

ಮನೆಯ ಎಲ್ಲ ಮದ್ದು ಒಂದೇ ಕವರಿಗೆ

ನಮ್ಮ ಗಡಿಯವರಿಗೆ ಇದು ಎಲ್ಲಕ್ಕಿಂತ ಮುಖ್ಯ ಹೆಜ್ಜೆ. ಬಿಪಿ ಮಾತ್ರೆ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಿಂದ. ಥೈರಾಯ್ಡ್ ಚೀಟಿ ಮಂಗಳೂರಿನ ಸ್ಪೆಷಲಿಸ್ಟ್ ಬರೆದದ್ದು. ವಿಟಮಿನ್ ಡಬ್ಬಿ ದುಬೈಯಿಂದ ಭಾವ ತಂದದ್ದು. ಕಷಾಯ ನಾಟಿ ವೈದ್ಯರದ್ದು. ಮನೆಯಲ್ಲಿ ಕನ್ನಡವೋ ತುಳುವೋ, ಆಸ್ಪತ್ರೆಯಲ್ಲಿ ಮಲಯಾಳ, ಪೆಟ್ಟಿಗೆಯ ಮೇಲೆ ಇಂಗ್ಲಿಷ್. ನೀವು ನುಂಗುವುದನ್ನೆಲ್ಲ ಒಟ್ಟಿಗೆ ನೋಡಿದವರು ಒಬ್ಬರೂ ಇರುವುದಿಲ್ಲ.

ಹಾಗಾಗಿ ಎಲ್ಲವನ್ನೂ ಒಂದು ಕವರಿಗೆ ಹಾಕಿಕೊಂಡು ಬನ್ನಿ. ಸ್ಟ್ರಿಪ್, ಬಾಟ್ಲಿ, ಪುಡಿ, ಎಲ್ಲ. ಚೀಟಿ ಹುಡುಕುವುದೇ ಬೇಡ. ಕೌಂಟರಿನ ಮೇಲೆ ಸುರಿದರೆ ಹತ್ತು ನಿಮಿಷದಲ್ಲಿ ನೋಡಿ ಹೇಳಬಹುದು. ಜನ ಇಲ್ಲದ ಹೊತ್ತು ಮಧ್ಯಾಹ್ನ ಎರಡರಿಂದ ಮೂರೂವರೆ. ಆಗ ಬಂದರೆ ದನಿ ತಗ್ಗಿಸುವ ಅಗತ್ಯವೂ ಇಲ್ಲ.

ಗರ್ಭಿಣಿಯರು, ಮೊಲೆಯೂಡಿಸುವವರು ತೂಕ ಇಳಿಸುವ ಯಾವ ಮಾತ್ರೆಯನ್ನೂ ಮುಟ್ಟಬಾರದು. 18 ವರ್ಷ ತುಂಬದವರಿಗೆ ಡಾಕ್ಟರ್ ಹೇಳದೆ ಕೊಡಬಾರದು. ಪಿತ್ತ ಸರಿಯಾಗಿ ಹರಿಯದ ತೊಂದರೆ, ತಿಂದದ್ದು ಮೈಗೆ ಹತ್ತದ ಕರುಳಿನ ಕಾಯಿಲೆ, ಕಿಡ್ನಿ ಕಲ್ಲು, ಫಿಟ್ಸ್ ಇರುವವರು ಮತ್ತು ರಕ್ತ ತೆಳು ಮಾಡುವ ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರ್ ಹತ್ತಿರ ಮಾತಾಡದೆ ಶುರು ಮಾಡಬೇಡಿ. ಕಿಡ್ನಿ ಬದಲಾಯಿಸಿಕೊಂಡು, ಹೊಸ ಕಿಡ್ನಿಯನ್ನು ಮೈ ತಳ್ಳದಂತೆ ಕೊಡುವ ಸೈಕ್ಲೋಸ್ಪೋರಿನ್ ತೆಗೆದುಕೊಳ್ಳುವವರು ತೂಕದ ಮಾತ್ರೆ ಅಂಗಡಿಯಿಂದ ತಂದು ನುಂಗಿದರೆ ಹೊಸ ಕಿಡ್ನಿಗೇ ಕುತ್ತು ಬರಬಹುದು.

ಪೆಟ್ಟಿಗೆ ಓದುವುದು ಹೇಗೆ

ಒಂದು ಮಳೆಗಾಲದ ಸಂಜೆ ಬದಿಯಡ್ಕ ಕಡೆಯ ಒಬ್ಬರು ಅಕ್ಕ ಬಂದರು. ಕೊಡೆ ಮಡಚಿಟ್ಟು, ಸೆರಗಿನಲ್ಲಿ ಕೈ ಒರೆಸಿ, ಒಂದು ಬಿಳಿ ಡಬ್ಬಿ ತೆಗೆದರು. "ಇಂಥದ್ದು ಇನ್ನೊಂದು ಸಿಗ್ತದಾ?" ಡಬ್ಬಿ ತಿರುಗಿಸಿ ನೋಡಿದೆ. ಒಂದು ಹಸಿರು ಎಲೆಯ ಚಿತ್ರ. ನೂರಕ್ಕೆ ನೂರು ನೈಸರ್ಗಿಕ ಎಂಬ ಬರಹ. ಮಾಡಿದವರ ವಿಳಾಸ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಒಳಗೆ ಏನಿದೆ ಎಂಬ ಪಟ್ಟಿಯೂ ಇಲ್ಲ.

"ಇದರೊಳಗೆ ಎಂತ ಉಂಟು ಅಕ್ಕಾ?"

"ಎಂತದೋ ಎಲೆಯದ್ದು. ತಮ್ಮ ಶಾರ್ಜಾದಿಂದ ತಂದದ್ದು. ಮೂರು ವಾರದಲ್ಲಿ ನಾಲ್ಕು ಕಿಲೋ ಇಳಿದಿದ್ದೇನೆ ಮಾರಾಯ್ತಿ. ನಿದ್ದೆ ಮಾತ್ರ ಬರುವುದಿಲ್ಲ. ಎದೆ ಹೊಡ್ಕೊಳ್ತದೆ."

ಸ್ಟೂಲಿನಲ್ಲಿ ಕೂರಿಸಿ ಕೈ ಹಿಡಿದು ನಾಡಿ ಎಣಿಸಿದೆ. ಐದು ನಿಮಿಷ ಸುಮ್ಮನೆ ಕೂತ ಮೇಲೂ ನಿಮಿಷಕ್ಕೆ 118. ಮಾತ್ರೆ ನಿಲ್ಲಿಸಲು ಹೇಳಿ ಆಗಲೇ ಆಸ್ಪತ್ರೆಗೆ ಕಳಿಸಿದೆ. ಬಿಪಿಯೂ ಏರಿತ್ತು. ಒಂದು ವಾರದಲ್ಲಿ ಎಲ್ಲ ಇಳಿಯಿತು. ಡಬ್ಬಿಯ ಒಳಗೆ ಏನಿತ್ತು ಎಂದು ಯಾರಿಗೂ ಗೊತ್ತಾಗಲಿಲ್ಲ.

ಇಂಥ ಡಬ್ಬಿಗಳಲ್ಲಿ ಸಿಗುವುದು ಯಾವುದು ಎಂದು ಬೇರೆ ದೇಶಗಳ ಪರೀಕ್ಷೆಗಳಿಂದ ಗೊತ್ತಿದೆ. ಮುಖ್ಯವಾಗಿ ಸಿಬುಟ್ರಮಿನ್. ಹಸಿವು ತಗ್ಗಿಸುವ ಮದ್ದು. ಹೃದಯಾಘಾತ, ಲಕ್ವ ಹೆಚ್ಚಾಗುತ್ತದೆ ಎಂದು ಕಂಡು 2010ರಲ್ಲಿ ಯುರೋಪ್, ಅಮೆರಿಕದ ಮಾರುಕಟ್ಟೆಯಿಂದ ತೆಗೆದರು. 2011ರಲ್ಲಿ ಭಾರತದಲ್ಲೂ ನಿಷೇಧವಾಯಿತು. ಆದರೂ ಗಿಡಮೂಲಿಕೆ ಹೆಸರಿನ ಕ್ಯಾಪ್ಸೂಲಿನಲ್ಲಿ ಅದು ಮತ್ತೆ ಮತ್ತೆ ಸಿಕ್ಕಿದೆ. ಕೆಲವದರಲ್ಲಿ ಥೈರಾಯ್ಡ್ ಹಾರ್ಮೋನು, ಭೇದಿ ಮದ್ದು, ಮೂತ್ರ ಹೋಗಿಸುವ ಮದ್ದು ಇರುತ್ತದೆ. ಭೇದಿಯಲ್ಲಿ, ಮೂತ್ರದಲ್ಲಿ ಹೋಗುವುದು ನೀರು. ಕೊಬ್ಬು ಇದ್ದಲ್ಲೇ ಇರುತ್ತದೆ. ಜೊತೆಗೆ ಪೊಟ್ಯಾಸಿಯಮ್ ಇಳಿದು ಹೃದಯದ ಬಡಿತವೇ ತಪ್ಪಬಹುದು.

ಪೆಟ್ಟಿಗೆ ಕೈಗೆ ಬಂದ ಕೂಡಲೇ ನೋಡಬೇಕಾದದ್ದು ಇಷ್ಟು. ಸ್ಟ್ರಿಪ್ಪಿನಲ್ಲಿ ಕೆಂಪು ಗೆರೆ, ಆರ್‌ಎಕ್ಸ್ (Rx) ಗುರುತು ಇದ್ದರೆ ಅದು ಡಾಕ್ಟರ ಚೀಟಿಯ ಮದ್ದು. ಅಂಗಡಿಯವರು ಸುಮ್ನೆ ಕೊಟ್ಟರೂ ಚೀಟಿ ಬೇಕೇ ಬೇಕು. ಆಹಾರ ಪೂರಕ ಎಂದಿದ್ದರೆ ಆಹಾರ ಸುರಕ್ಷತೆ ನೋಡುವ ಸರಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಆಯುರ್ವೇದದ್ದಾದರೆ ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್, ಮಾಡಿದವರ ಪೂರ್ತಿ ವಿಳಾಸ ಇರಬೇಕು. ಇವು ಇಲ್ಲದಿದ್ದರೆ ಅಲ್ಲೇ ಬಿಡಿ. ಇದ್ದ ಮಾತ್ರಕ್ಕೆ ಮದ್ದು ಕೆಲಸ ಮಾಡುತ್ತದೆ ಎಂದೇನೂ ಅಲ್ಲ. ತೊಂದರೆ ಆದರೆ ಯಾರನ್ನು ಕೇಳಬೇಕು ಎಂದಾದರೂ ಗೊತ್ತಿರುತ್ತದೆ.

"ಬೊಜ್ಜು ಗ್ಯಾರಂಟಿ ಮಾಯ" ಎಂಬ ಜಾಹೀರಾತು ಕಂಡರೆ ಒಂದು ನೆನಪಿಡಿ. 1954ರ ಮಾಂತ್ರಿಕ ಔಷಧಿ ಜಾಹೀರಾತು ಕಾಯಿದೆಯ ಪಟ್ಟಿಯಲ್ಲಿ ಬೊಜ್ಜೂ ಇದೆ. ಅದನ್ನು ಗುಣ ಮಾಡುತ್ತೇವೆ ಎಂದು ಜನರಿಗೆ ಮದ್ದಿನ ಜಾಹೀರಾತು ಕೊಡುವುದೇ ಕಾನೂನಿಗೆ ವಿರುದ್ಧ.

ಓರ್ಲಿಸ್ಟಾಟ್: ಗಂಟೆ ನೋಡಿ ನುಂಗುವ ಮದ್ದು

ಚೀಟಿ ಇಲ್ಲದೆ ಮಾರಲು ದೊಡ್ಡ ದೇಶಗಳು ಒಪ್ಪಿದ ತೂಕದ ಮದ್ದು ಎಂದರೆ ಓರ್ಲಿಸ್ಟಾಟ್. 60 ಮಿಲಿಗ್ರಾಂ ಕ್ಯಾಪ್ಸೂಲ್, ಆಲೈ ಎಂಬ ಹೆಸರಿನಲ್ಲಿ. ಅಮೆರಿಕದಲ್ಲಿ 2007ರಿಂದ, ಯುರೋಪಿನಲ್ಲಿ 2009ರಿಂದ ಹಾಗೆ ಸಿಗುತ್ತದೆ. ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಕಾಣುವುದು ಹೆಚ್ಚಾಗಿ ಇದೇ. ಇಲ್ಲಿ ನಮ್ಮ ಕೌಂಟರಿಗೆ ಬರುವ 120 ಮಿಲಿಗ್ರಾಂ ಸ್ಟ್ರಿಪ್ಪಿನಲ್ಲಿ ಆರ್‌ಎಕ್ಸ್ ಗುರುತಿದೆ, ಅದಕ್ಕೆ ಚೀಟಿ ತನ್ನಿ. ಆನ್‌ಲೈನಿನಲ್ಲಿ ತರಿಸುವವರಿಗೆ ಒಂದು ಎಚ್ಚರಿಕೆ: 2010ರಲ್ಲಿ ಅಮೆರಿಕದಲ್ಲಿ ಸಿಕ್ಕಿಬಿದ್ದ ನಕಲಿ ಆಲೈ ಡಬ್ಬಿಯಲ್ಲಿ ಇದ್ದದ್ದು ಅದೇ ಸಿಬುಟ್ರಮಿನ್.

ಈ ಮದ್ದು ಹಸಿವು ತಗ್ಗಿಸುವುದಿಲ್ಲ. ಕರುಳಿನಲ್ಲಿ ಕೊಬ್ಬು ಕರಗಿಸುವ ರಸವನ್ನು ತಡೆಯುತ್ತದೆ. ತಿಂದ ಕೊಬ್ಬಿನಲ್ಲಿ ಕಾಲು ಭಾಗದಿಂದ ಮೂವತ್ತು ಶೇಕಡಾ ಮೈಗೆ ಸೇರದೆ ಹಾಗೆಯೇ ಹೊರಗೆ ಹೋಗುತ್ತದೆ. ಅನ್ನ, ಸಕ್ಕರೆ, ಬೆಲ್ಲಕ್ಕೆ ಇದು ಏನೂ ಮಾಡುವುದಿಲ್ಲ. ದಿನಕ್ಕೆ ಆರು ಚಾ ಸಕ್ಕರೆ ಹಾಕಿ ಕುಡಿಯುವವರಿಗೆ ಲಾಭ ಕಡಿಮೆ. ಫಲ ಎಷ್ಟು? ಊಟದ ಪಥ್ಯದ ಜೊತೆ ಒಂದು ವರ್ಷ ತೆಗೆದುಕೊಂಡವರು, ಬರೀ ಪಥ್ಯ ಮಾಡಿದವರಿಗಿಂತ ಸರಾಸರಿ ಮೂರು ಕಿಲೋದಷ್ಟು ಹೆಚ್ಚು ಇಳಿದಿದ್ದಾರೆ. ಇಷ್ಟೇ. ಇಷ್ಟು ಗೊತ್ತಿದ್ದು ಕೊಳ್ಳಿ.

ನುಂಗುವ ಹೊತ್ತು: ಊಟದ ಜೊತೆ, ಇಲ್ಲವೇ ಊಟವಾಗಿ ಒಂದು ಗಂಟೆಯ ಒಳಗೆ. ದಿನಕ್ಕೆ ಮೂರಕ್ಕಿಂತ ಜಾಸ್ತಿ ಬೇಡ. ಒಂದು ಹೊತ್ತು ಗಂಜಿಗೆ ಮಿಡಿ ಉಪ್ಪಿನಕಾಯಿ ಮಾತ್ರ ಎಂದಾದರೆ ಆ ಹೊತ್ತಿನದ್ದು ಬಿಡಿ. ಎಣ್ಣೆ, ತೆಂಗು ಇಲ್ಲದ ಊಟಕ್ಕೆ ಮಾತ್ರೆ ದಂಡ. ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು.

ಇನ್ನು ನಮ್ಮ ಅಡುಗೆ. ಒಂದು ಹೊತ್ತಿನ ಊಟದಲ್ಲಿ ಕೊಬ್ಬು ಸುಮಾರು 15 ಗ್ರಾಂ ದಾಟಬಾರದು ಎಂದು ಈ ಮದ್ದಿನ ನಿಯಮ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲೇ 14 ಗ್ರಾಂ ಇದೆ. ನೂರು ಗ್ರಾಂ ತೆಂಗಿನ ತುರಿಯಲ್ಲಿ ಮೂವತ್ತಕ್ಕಿಂತ ಜಾಸ್ತಿ. ಈಗ ಲೆಕ್ಕ ಹಾಕಿ. ಕಡೆದ ತೆಂಗಿನಕಾಯಿಯ ಮೇಲಾರ, ಕರಿದ ಬಂಗುಡೆ, ಎರಡು ಹಪ್ಪಳ ಇದ್ದರೆ ಎರಡು ಹೊತ್ತಿನ ಕೊಬ್ಬು ಒಂದೇ ಬಟ್ಟಲಿನಲ್ಲಿ ಕೂತಿರುತ್ತದೆ. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಮೇಲೆ ಚಿಟಿಕೆ ತುರಿ ಹಾಕಿದ ಅಲಸಂಡೆ ಪಲ್ಯ, ಮಜ್ಜಿಗೆ ಆದರೆ ಹಗುರ. ಮೀನು ಬೇಕಾದರೆ ಕರಿಯದೆ ಸಾರು ಮಾಡಿ. ಒಗ್ಗರಣೆಗೆ ಬಾಟ್ಲಿಯಿಂದ ಎಣ್ಣೆ ಸುರಿಯುವ ಅಭ್ಯಾಸ ಬಿಟ್ಟು ಚಮಚದಲ್ಲಿ ಅಳೆಯಿರಿ. ನನ್ನ ಅನುಭವದಲ್ಲಿ, ಈ ಒಂದು ಬದಲಾವಣೆಯಿಂದಲೇ ಮಾತ್ರೆ ಬೇಡವಾದವರು ಇದ್ದಾರೆ.

ಕೊಬ್ಬು ಜಾಸ್ತಿ ತಿಂದರೆ ಏನಾಗುತ್ತದೆ ಎಂದು ಪೆಟ್ಟಿಗೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಬಿಡಿಸಿ ಹೇಳುತ್ತೇನೆ. ಎಣ್ಣೆ ಹಾಗೆಯೇ ಕೆಳಗೆ ಬರುತ್ತದೆ. ಕೆಂಪು ಹಳದಿ ಬಣ್ಣದ ಜಿಡ್ಡು. ವಾಯು ಹೋಗುವಾಗ ಜೊತೆಗೇ ಬರುತ್ತದೆ, ತಡೆಯಲು ಆಗುವುದಿಲ್ಲ. ಒಬ್ಬರು ಅಣ್ಣ ಕ್ಯಾಪ್ಸೂಲ್ ಇದೆಯಲ್ಲ ಎಂಬ ಧೈರ್ಯದಲ್ಲಿ ಮದುವೆ ಊಟ ಹೊಟ್ಟೆ ತುಂಬ ಉಂಡು, ಬಿಳಿ ಮುಂಡು ಉಟ್ಟು ಬಸ್ಸಿನಲ್ಲಿ ಹೊರಟಿದ್ದರು. ಮರುದಿನ ನನ್ನ ಮುಂದೆ ನಿಂತಾಗ ಅವರ ಕಣ್ಣು ತುಂಬಿತ್ತು. ಮೊದಲೇ ಹೇಳಿದ್ದರೆ ಅವರಿಗೆ ಆ ಕಷ್ಟ ಬರುತ್ತಿರಲಿಲ್ಲ. ಅಂದಿನಿಂದ ಪ್ರತಿಯೊಬ್ಬರಿಗೂ ಹೇಳಿಯೇ ಸ್ಟ್ರಿಪ್ ಕೊಡುತ್ತೇನೆ. ಮೊದಲ ವಾರ ಮನೆಯಲ್ಲಿ ಇರುವ ದಿನಗಳಲ್ಲಿ ಶುರು ಮಾಡಿ. ಗಾಢ ಬಣ್ಣದ ಬಟ್ಟೆ ಹಾಕಿ. ಮಧೂರಿನ ಅಪ್ಪ ಪ್ರಸಾದ ಒಂದು ಚೂರು ತಿಂದರೆ ಏನೂ ಆಗದು, ಡಬ್ಬಿಗಟ್ಟಲೆ ಬೇಡ. ಮದ್ದು ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಎಲ್ಲ ಮೊದಲಿನಂತಾಗುತ್ತದೆ.

ಕೊಬ್ಬಿನ ಜೊತೆ ಎ, ಡಿ, ಇ, ಕೆ ವಿಟಮಿನ್‌ಗಳೂ ಹೊರಗೆ ಹೋಗುತ್ತವೆ. ಅದಕ್ಕೆ ದಿನಕ್ಕೊಂದು ಮಲ್ಟಿವಿಟಮಿನ್ ಬೇಕು. ಓರ್ಲಿಸ್ಟಾಟ್‌ಗೂ ಅದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಇರಲಿ. ಮಲಗುವ ಹೊತ್ತೇ ಒಳ್ಳೆಯದು.

ಥೈರಾಯ್ಡ್ ಮಾತ್ರೆ ಥೈರಾಕ್ಸಿನ್ ತೆಗೆದುಕೊಳ್ಳುವವರು ಇಲ್ಲಿ ಸ್ವಲ್ಪ ನಿಧಾನಿಸಿ ಓದಿ. ಎರಡರ ನಡುವೆ ಕನಿಷ್ಠ ನಾಲ್ಕು ಗಂಟೆ ಬೇಕು. ಇಲ್ಲದಿದ್ದರೆ ಥೈರಾಕ್ಸಿನ್ ಸರಿಯಾಗಿ ಮೈಗೆ ಸೇರದೆ, ತೂಕ ಇಳಿಯುವ ಬದಲು ಏರಬಹುದು. ಬೆಳಿಗ್ಗೆ ಆರಕ್ಕೆ ಥೈರಾಕ್ಸಿನ್, ಎಂಟಕ್ಕೆ ದೋಸೆ ಎನ್ನುವವರಿಗೆ ಅಂತರ ಎರಡೇ ಗಂಟೆ. ಹಾಗಾಗಿ ಬೆಳಗ್ಗಿನ ಓರ್ಲಿಸ್ಟಾಟ್ ಬಿಡಿ. ಒಂದು ಗಂಟೆಯ ಊಟಕ್ಕೆ ಒಂದು, ರಾತ್ರಿ ಎಂಟರ ಊಟಕ್ಕೆ ಒಂದು, ಹತ್ತೂವರೆಗೆ ವಿಟಮಿನ್. ಡಾಕ್ಟರಿಗೆ ಇದನ್ನು ತೋರಿಸಿ, ಆರೆಂಟು ವಾರ ಬಿಟ್ಟು ಥೈರಾಯ್ಡ್ ನೋಡುವ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಿ.

ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್ ಅಥವಾ ಇನ್ಸುಲಿನ್ ಇದ್ದರೆ, ತೂಕ ಇಳಿದಂತೆ ಸಕ್ಕರೆ ತೀರಾ ಕೆಳಗೆ ಹೋಗಬಹುದು. ಬೆವರು, ಕೈ ನಡುಕ, ಕಣ್ಣು ಕತ್ತಲೆ ಬಂದರೆ ಕೂಡಲೇ ಸಕ್ಕರೆ ನೀರು ಕುಡಿಯಿರಿ. ಆಮೇಲೆ ಡಾಕ್ಟರಿಗೆ ಹೇಳಿ ಮದ್ದಿನ ಪ್ರಮಾಣ ಕಡಿಮೆ ಮಾಡಿಸಿ. ಗರ್ಭನಿರೋಧಕ ಮಾತ್ರೆ ನುಂಗುವವರಿಗೆ ಜೋರು ಭೇದಿಯಾದರೆ ಮಾತ್ರೆಯನ್ನೇ ನಂಬಬೇಡಿ. ಬೇರೆ ಉಪಾಯವೂ ಜೊತೆಗಿರಲಿ.

ಉಪ್ಪಾಗೆ ಕ್ಯಾಪ್ಸೂಲ್, ಗ್ರೀನ್ ಟೀ ಮಾತ್ರೆ

ಗಾರ್ಸೀನಿಯಾ ಎಂದು ಡಬ್ಬಿಯ ಮೇಲೆ ಬರೆದಿರುವುದು ನಮ್ಮ ಕಾಡಿನ ಉಪ್ಪಾಗೆ. ಮಲಯಾಳದಲ್ಲಿ ಕುಡಂಪುಳಿ. ಪುನರ್ಪುಳಿಯ ಹತ್ತಿರದ ಸಂಬಂಧಿ, ಆದರೆ ಬೇರೆ ಗಿಡ. ಮೀನಿನ ಸಾರಿಗೆ ಎರಡು ಹೋಳು ಹಾಕುವುದರಲ್ಲಿ ಹೆದರಿಕೆ ಏನೂ ಇಲ್ಲ. ಅಜ್ಜಿಯಂದಿರ ಕಾಲದಿಂದ ತಿಂದಿದ್ದೇವೆ. ಕ್ಯಾಪ್ಸೂಲಿನಲ್ಲಿ ಇರುವುದು ಅದರ ಹುಳಿಯಿಂದ ಗಟ್ಟಿಯಾಗಿ ತೆಗೆದ ಸತ್ವ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದ್ದರು. ಉಪ್ಪಾಗೆ ಸತ್ವ ತೆಗೆದುಕೊಂಡವರಿಗೂ ಖಾಲಿ ಮಾತ್ರೆ ತೆಗೆದುಕೊಂಡವರಿಗೂ ತೂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಇಂಥ ಕ್ಯಾಪ್ಸೂಲಿನಿಂದ ಲಿವರ್ ಕೆಟ್ಟವರ ವರದಿಗಳು ಮಾತ್ರ ಬಂದಿವೆ.

ಗ್ರೀನ್ ಟೀಯೂ ಹಾಗೆಯೇ. ಲೋಟದಲ್ಲಿ ಕುಡಿಯುವುದು ಬೇರೆ, ಸತ್ವದ ಮಾತ್ರೆ ಬೇರೆ. ಅದರ ಇಜಿಸಿಜಿ ಎಂಬ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರಿಗೆ ಪೆಟ್ಟಾಗುವ ಲಕ್ಷಣ ಕಾಣುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ. ಮೊದಲೇ ಫ್ಯಾಟಿ ಲಿವರ್ ಇರುವವರು ಇವೆರಡನ್ನೂ ಬಿಡುವುದೇ ಕ್ಷೇಮ.

ಜಿಮ್ಮಿಗೆ ಹೋಗುವ ಹುಡುಗರ ಫ್ಯಾಟ್ ಬರ್ನರ್‌ಗಳಲ್ಲಿ ಬಹುಪಾಲು ಕೆಫೀನ್. ಬಿಪಿ, ಹೃದಯದ ತೊಂದರೆ ಇದ್ದರೆ ಮುಟ್ಟಬೇಡಿ.

ಇಸಬ್‌ಗೋಲ್ ಬಗ್ಗೆ ನನಗೆ ಹೆದರಿಕೆ ಇಲ್ಲ. ಊಟಕ್ಕೆ ಮೊದಲು ತೆಗೆದುಕೊಂಡರೆ ಹೊಟ್ಟೆ ತುಂಬಿದಂತಾಗುತ್ತದೆ. ದೊಡ್ಡ ಲೋಟ ನೀರಿನಲ್ಲೇ ಕಲಸಿ ಕುಡಿಯಬೇಕು. ಒಣಗಿದ್ದೇ ಬಾಯಿಗೆ ಹಾಕಿದರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಬೇರೆ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಕೊಡಿ.

ಚುಚ್ಚುಮದ್ದು ಕೇಳುವವರಿಗೆ

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ತೂಕ ಇಳಿಸುವ ಮದ್ದು ತುಂಬಿದ ಚುಚ್ಚುವ ಪೆನ್ನುಗಳು ಒಳ್ಳೆಯ ಕೆಲಸ ಮಾಡುತ್ತವೆ, ನಿಜ. ಆದರೆ ಅವು ಚೀಟಿ ಇಲ್ಲದೆ ಕೊಡುವ ಮದ್ದಲ್ಲ. ಪ್ರಮಾಣವನ್ನು ಮೆಲ್ಲ ಮೆಲ್ಲ ಏರಿಸಬೇಕು, ಅದನ್ನು ಡಾಕ್ಟರೇ ನೋಡಬೇಕು. ಫ್ರಿಜ್ಜಿನಲ್ಲಿ ಇರಬೇಕಾದ ಪೆನ್ನು ಗಲ್ಫಿನಿಂದ ಸೂಟ್‌ಕೇಸಿನಲ್ಲಿ ಬಿಸಿಯಾಗಿ ಬಂದರೆ ಅದನ್ನು ನಂಬುವುದು ಹೇಗೆ? ಒಬ್ಬರ ಪೆನ್ನು ಇನ್ನೊಬ್ಬರು ಬಳಸಬೇಡಿ. ಸೂಜಿ ಬದಲಾಯಿಸಿದರೂ ಬೇಡ.

ಕೂಡಲೇ ನಿಲ್ಲಿಸಬೇಕಾದ ಲಕ್ಷಣ

ಕಣ್ಣು ಹಳದಿಯಾದರೆ, ಮೂತ್ರ ಕಡು ಚಾದ ಬಣ್ಣಕ್ಕೆ ತಿರುಗಿದರೆ, ಮೈಯೆಲ್ಲ ತುರಿಸಿದರೆ, ಬಲಪಕ್ಕೆಯ ಕೆಳಗೆ ನೋವು ಬಂದರೆ ಲಿವರ್ ಅಥವಾ ಪಿತ್ತಕೋಶದ ತೊಂದರೆ ಇರಬಹುದು. ಓರ್ಲಿಸ್ಟಾಟ್‌ನಿಂದಲೂ ಅಪರೂಪಕ್ಕೆ ಲಿವರ್ ಕೆಡುತ್ತದೆ. ಸೊಂಟದ ಹಿಂಬದಿ ನೋವು, ಮೂತ್ರ ಕಡಿಮೆಯಾಗುವುದು ಕಿಡ್ನಿಯ ಸೂಚನೆ. ಮಲದಲ್ಲಿ ರಕ್ತ ಕಂಡರೂ ನಿಲ್ಲಿಸಿ. ಇವಕ್ಕೆ ಅದೇ ದಿನ ಆಸ್ಪತ್ರೆಗೆ ಹೋಗಿ. ಎದೆನೋವು, ಉಸಿರು ಕಟ್ಟುವುದು, ತಲೆ ತಿರುಗಿ ಬೀಳುವುದಾದರೆ 108ಕ್ಕೆ ಫೋನ್ ಮಾಡಿ. ಸಂಶಯ ಇದ್ದರೆ ಕೇರಳದ ದಿಶಾ ಸಹಾಯವಾಣಿ 1056ಕ್ಕೆ ಮಾಡಿ ಕೇಳಬಹುದು.

ಹೋಗುವಾಗ ಡಬ್ಬಿ ತೆಗೆದುಕೊಂಡು ಹೋಗಿ. ಬಯ್ಯುತ್ತಾರೆ ಎಂದು ಅಡಗಿಸಬೇಡಿ. ಖಾಲಿ ಡಬ್ಬಿಯಾದರೂ ಎಸೆಯಬೇಡಿ. ಮದ್ದಿನಿಂದ ತೊಂದರೆಯಾದರೆ ನೀವೇ 1800 180 3024 ಎಂಬ ಉಚಿತ ನಂಬರಿಗೆ ತಿಳಿಸಬಹುದು. ಅದು ಭಾರತ ಸರಕಾರದ ಔಷಧ ಜಾಗ್ರತಾ ಕಾರ್ಯಕ್ರಮದ್ದು. ಬಿಲ್ಲು, ಬ್ಯಾಚ್ ನಂಬರ್ ಇದ್ದರೆ ಅವರಿಗೆ ಹುಡುಕಲು ಸುಲಭ. ಅದಕ್ಕೇ ಬಿಲ್ಲಿಲ್ಲದೆ ಮದ್ದು ಕೊಳ್ಳಬೇಡಿ.

ಹನ್ನೆರಡು ವಾರದ ಪುಸ್ತಕ

ಶುರು ಮಾಡುವ ದಿನ ಒಂದು ಸಣ್ಣ ನೋಟ್‌ಬುಕ್ ತೆಗೆಯಿರಿ. ಮೊದಲ ಪುಟದಲ್ಲಿ ಮದ್ದಿನ ಹೆಸರು, ತೂಕ, ಸೊಂಟದ ಅಳತೆ, ತಾರೀಕು. ಕ್ಯಾಲೆಂಡರ್ ನೋಡಿ ಹನ್ನೆರಡು ವಾರದ ಮುಂದಿನ ತಾರೀಕನ್ನೂ ಅಲ್ಲೇ ಬರೆದು ಸುತ್ತು ಹಾಕಿ. ವಾರಕ್ಕೊಂದು ದಿನ, ಒಂದೇ ಹೊತ್ತಿಗೆ ತೂಕ ನೋಡಿ. ದಿನಾ ನೋಡಿ ಮನಸ್ಸು ಕೆಡಿಸಿಕೊಳ್ಳಬೇಡಿ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಸರಿಯಾದ ದಾರಿ. ತುಂಬ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಾಧ್ಯತೆ ಹೆಚ್ಚು.

ಸುತ್ತು ಹಾಕಿದ ದಿನ ಲೆಕ್ಕ ನೋಡಿ. ಓರ್ಲಿಸ್ಟಾಟ್ 120 ಮಿಲಿಗ್ರಾಂ ತೆಗೆದುಕೊಳ್ಳುವವರಿಗೆ ಮೊದಲಿನ ತೂಕದ ನೂರಕ್ಕೆ ಐದು ಪಾಲು ಇಳಿದಿರಬೇಕು. 74 ಕಿಲೋ ಇದ್ದವರು 70.3ಕ್ಕೆ ಬಂದಿರಬೇಕು. ಇಳಿಯದಿದ್ದರೆ ಮುಂದುವರಿಸುವುದರಲ್ಲಿ ಅರ್ಥ ಇಲ್ಲ, ಡಾಕ್ಟರ್ ಹತ್ತಿರ ಹೋಗಿ. 60 ಮಿಲಿಗ್ರಾಂನದ್ದಾದರೆ, ಇಳಿಯುತ್ತಿದ್ದರೂ ಆರು ತಿಂಗಳು ದಾಟಿಸಬೇಡಿ.

ನಿಲ್ಲಿಸಿದ ಮೇಲೆ ಪುಸ್ತಕ ಮುಚ್ಚಿಡಬೇಡಿ. ಇನ್ನೂ ಆರು ತಿಂಗಳು ವಾರಕ್ಕೊಮ್ಮೆ ಬರೆಯಿರಿ. ಎರಡು ಕಿಲೋ ವಾಪಸ್ ಬಂದರೆ ಹಳೆಯ ಸ್ಟ್ರಿಪ್ ಹುಡುಕುವ ಮೊದಲು ಅಡುಗೆಮನೆಯ ಎಣ್ಣೆ ಚಮಚ ಎಲ್ಲಿ ಹೋಗಿದೆ ನೋಡಿ. ಉಳಿದ ಕ್ಯಾಪ್ಸೂಲನ್ನು ಅತ್ತಿಗೆಗೆ, ಪಕ್ಕದ ಮನೆಯವರಿಗೆ ಕೊಡಬೇಡಿ. ಅವರ ಕವರಿನಲ್ಲಿ ಯಾವ ಮಾತ್ರೆ ಉಂಟು ಎಂದು ನಿಮಗೆ ಗೊತ್ತಿರುವುದಿಲ್ಲ ಅಲ್ವಾ. ಅವರನ್ನೂ ಆ ಕವರ್ ಹಿಡಿದುಕೊಂಡು ಮಧ್ಯಾಹ್ನ ಎರಡು ಗಂಟೆಗೆ ಹತ್ತಿರದ ಮೆಡಿಕಲ್‌ಗೆ ಹೋಗಲು ಹೇಳಿ.